ತೊಗಲಿನ ಹದ, ಹವ್ಯಾಸದ ಕೂಟ

ಚರ್ಮದ ಕೈಗೆಲಸವನ್ನು ಹವ್ಯಾಸವೆಂದು ಕರೆಯುವ ರೂಢಿ ಕನ್ನಡ ನಾಡಿಗೆ ಹೊಸದು. ಹವ್ಯಾಸವೆಂದರೆ ಹೊಟ್ಟೆಪಾಡಿನ ಒತ್ತಾಯವಿಲ್ಲದೆ, ಬಿಡುವಿನ ವೇಳೆಯಲ್ಲಿ, ಮನಸ್ಸೊಪ್ಪಿ ಕೈಗೆತ್ತಿಕೊಂಡ ಕೆಲಸ. ಬೇಡವೆನಿಸಿದ ದಿನ ಅದನ್ನು ಬದಿಗಿಡುವ ಸ್ವಾತಂತ್ರ್ಯವೂ ಆ ಮಾತಿನೊಳಗೆ ಅಡಗಿದೆ. ತೊಗಲನ್ನು ಮುಟ್ಟಿ ಬದುಕಿದ ಸಮಗಾರ, ಡೋಹರ, ಮಚ್ಚೆಗಾರ ಮೊದಲಾದ ಸಮುದಾಯಗಳಿಗೆ ಕೈಗೆತ್ತಿಕೊಳ್ಳುವ ಸ್ವಾತಂತ್ರ್ಯವೂ ಇರಲಿಲ್ಲ, ಬದಿಗಿಡುವ ಸ್ವಾತಂತ್ರ್ಯವೂ ಇರಲಿಲ್ಲ. ಹುಟ್ಟು ಕಸುಬನ್ನು ನಿರ್ಧರಿಸುತ್ತಿತ್ತು, ಕಸುಬು ಊರಿನಲ್ಲಿ ಮನೆ ಕಟ್ಟುವ ಜಾಗವನ್ನು ನಿರ್ಧರಿಸುತ್ತಿತ್ತು, ಮತ್ತು ಅವರು ಮಾಡಿಕೊಟ್ಟ ಮೆಟ್ಟು, ಮಿಣಿ, ಬಾರುಕೋಲುಗಳಿಲ್ಲದೆ ಒಂದು ದಿನವೂ ಒಕ್ಕಲುತನ ಸಾಗಿಸಲಾರದ ಜನರೇ ಅವರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಆದ್ದರಿಂದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಚರ್ಮಕಲೆಯ ಹವ್ಯಾಸ ಹೇಗೆ ಬೇರೂರಬಹುದು, ಅದನ್ನು ಪೋಷಿಸುವ ಸಂಘಗಳು ಹೇಗಿರಬೇಕು ಎಂಬ ವಿಚಾರವನ್ನು ಉಪಕರಣಗಳ ಪಟ್ಟಿಯಿಂದ ಆರಂಭಿಸಲಾಗದು. ಉತ್ತರ ಕನ್ನಡದ ಈ ನಾಲ್ಕು ತಾಲ್ಲೂಕುಗಳಲ್ಲಿ ತೊಗಲಿನ ಅರಿವು ಕಾಡಿನ ಮರಗಳಲ್ಲಿ, ಜಾತ್ರೆಯ ದಾರಿಯಲ್ಲಿ, ವಾದ್ಯಗಳ ಮುಖದ ಮೇಲೆ ಬಹುಕಾಲದಿಂದ ಇದೆ. ಹೊಸದಾಗಿ ಕಲಿಯಹೊರಟವರು ಅದನ್ನು ಕಾಪಾಡಿಕೊಂಡು ಬಂದವರ ಮುಂದೆ ಶಿಷ್ಯರಾಗಿ ಕೂರುವುದೊಂದು ಬಾಕಿಯಿದೆ.

ಹದ ಎಂಬ ಮಾತು ಕನ್ನಡದಲ್ಲಿ ಮಣ್ಣಿಗೂ, ಅಡುಗೆಗೂ, ಬೆಲ್ಲದ ಪಾಕಕ್ಕೂ, ತೊಗಲಿಗೂ ಸಲ್ಲುತ್ತದೆ. ಸತ್ತ ಪ್ರಾಣಿಯ ಮೈಯಿಂದ ಬಿಡಿಸಿದ ತೊಗಲು ಹಾಗೆಯೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಕೊಳೆಯುತ್ತದೆ, ಬಿಸಿಲಿಗೆ ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಕೊಳೆಯದಂತೆಯೂ ಸೆಟೆಯದಂತೆಯೂ ಅದನ್ನು ಶಾಶ್ವತವಾಗಿ ಮೆತುವಾದ ವಸ್ತುವನ್ನಾಗಿ ಮಾರ್ಪಡಿಸುವ ಕ್ರಿಯೆಗೆ ಹದಮಾಡುವುದು ಎಂದು ಹೆಸರು. ಹದಗೊಂಡ ಮೇಲೆ ಅದನ್ನು ಚರ್ಮ ಅಥವಾ ಹದದೊಗಲು ಎನ್ನುವುದು ವಾಡಿಕೆ. ತೊಗಲಿನ ಒಳರಚನೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಹೆಣಿಗೆಯಾಗಿದ್ದು, ಹಸಿಯಾಗಿದ್ದಾಗ ಆ ನಾರುಗಳ ನಡುವೆ ನೀರು ತುಂಬಿರುತ್ತದೆ. ಕೆಲವು ಮರಗಳ ತೊಗಟೆ ಮತ್ತು ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ನೀರಿನ ಜಾಗವನ್ನು ಹಿಡಿದು ನಾರುಗಳಿಗೆ ಅಂಟಿಕೊಂಡಾಗ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಆಹಾರ ಸಿಗುವುದಿಲ್ಲ, ಒಣಗಿದಾಗ ನಾರುಗಳು ಒಂದಕ್ಕೊಂದು ಬೆಸೆದುಕೊಳ್ಳುವುದೂ ಇಲ್ಲ. ಅಳಲೆಕಾಯಿಯನ್ನು ಅಗಿದಾಗ ನಾಲಗೆ ಹಿಡಿದಂತಾಗುವುದಕ್ಕೂ ತೊಗಲು ಹದಗೊಳ್ಳುವುದಕ್ಕೂ ಕಾರಣ ಒಂದೇ, ಏಕೆಂದರೆ ಎರಡು ಕಡೆಯೂ ಒಗರು ಪ್ರೋಟೀನನ್ನು ಹಿಡಿದು ಬಿಗಿಯುತ್ತದೆ. ತೊಗಲು, ತೊಗಟೆ ಎಂಬ ಎರಡು ಮಾತುಗಳು ಒಂದೇ ಬೇರಿನಿಂದ ಹುಟ್ಟಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಾಣಿಯ ಹೊದಿಕೆಯನ್ನು ಮರದ ಹೊದಿಕೆಯಿಂದ ಉಳಿಸಿಕೊಳ್ಳಬಹುದೆಂದು ಕಂಡುಕೊಂಡವರು ಅಕ್ಷರ ಕಲಿಯದಿದ್ದರೂ ರಸಾಯನಶಾಸ್ತ್ರದ ಒಂದು ದೊಡ್ಡ ಸತ್ಯವನ್ನು ಕೈಯಿಂದ ಅರಿತಿದ್ದರು.

ಈ ಅರಿವಿಗೆ ಬೇಕಾದ ಮರಗಳು ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡದ ಎಲೆಯುದುರುವ ಕಾಡುಗಳಲ್ಲಿ ಹೇರಳವಾಗಿವೆ. ಅಳಲೆ, ತಾರೆ, ಮತ್ತಿ, ಹೊಳೆಮತ್ತಿ ಈ ನಾಲ್ಕೂ ಸಸ್ಯಶಾಸ್ತ್ರಜ್ಞರು ಟರ್ಮಿನೇಲಿಯ ಎಂದು ಕರೆಯುವ ಒಂದೇ ಕುಲಕ್ಕೆ ಸೇರಿದವು, ಮತ್ತು ನಾಲ್ಕೂ ಚರ್ಮ ಹದಮಾಡುವುದಕ್ಕೆ ಒದಗುತ್ತವೆ. ಅಳಲೆ, ತಾರೆಗಳಲ್ಲಿ ಕಾಯಿ ಮುಖ್ಯವಾದರೆ ಮತ್ತಿ, ಹೊಳೆಮತ್ತಿಗಳಲ್ಲಿ ತೊಗಟೆ ಮುಖ್ಯ. ಕಕ್ಕೆಯ ತೊಗಟೆಯೂ, ಬಯಲುಸೀಮೆಯ ಕಡೆಗೆ ಸಿಗುವ ಜಾಲಿ ಮತ್ತು ತಂಗಡಿಯೆಂದೂ ಕರೆಯುವ ಆವರಿಕೆಯ ತೊಗಟೆಗಳೂ ಇದೇ ಬಳಕೆಯವು. ಒಣಗಿದ ಅಳಲೆಕಾಯಿಯ ತೂಕದಲ್ಲಿ ಶೇಕಡಾ 30ರ ಆಸುಪಾಸಿನಷ್ಟು ಟ್ಯಾನಿನ್ ಇರುತ್ತದೆ. ಮರಾಠಿ ಮಾತಾಡುವ ಊರುಗಳಲ್ಲಿ ಹಿರಡಾ ಎನಿಸಿಕೊಳ್ಳುವ ಈ ಕಾಯಿ 19ನೆಯ ಶತಮಾನದಲ್ಲಿ ಹಡಗೇರಿ ಯುರೋಪಿನ ಹದಗಾರರ ತೊಟ್ಟಿಗಳನ್ನು ಸೇರುತ್ತಿತ್ತು. ಅಲ್ಲಿನ ವ್ಯಾಪಾರಿಗಳು ಅದರ ಗುಣಮಟ್ಟವನ್ನು ಭೀಮಿಲಿ, ಜಬ್ಬಲಪುರ, ವೆಂಗುರ್ಲಾ ಎಂದು ಭಾರತದ ಊರು, ಬಂದರುಗಳ ಹೆಸರಿನಿಂದಲೇ ಗುರುತಿಸುತ್ತಿದ್ದರು. ಕಾಡಿನ ಕಿರು ಉತ್ಪನ್ನವೆಂದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಕಾಯಿಯ ಹಿಂದೆ ಅಷ್ಟು ದೊಡ್ಡ ಲೋಕವಿದೆ.

ಹದಮಾಡುವ ಕ್ರಮ ದೀರ್ಘವಾದದ್ದು. ಉಪ್ಪು ಹಾಕಿ ಕಾಪಿಟ್ಟ ತೊಗಲನ್ನು ಮೊದಲು ನೀರಿನಲ್ಲಿ ನೆನೆಸಿ, ಅನಂತರ ಸುಣ್ಣದ ತೊಟ್ಟಿಯಲ್ಲಿ ಕೆಲವು ದಿನ ಇಟ್ಟು ಕೂದಲಿನ ಬೇರು ಸಡಿಲವಾದ ಮೇಲೆ ಕೂದಲನ್ನೂ, ಒಳಬದಿಗೆ ಅಂಟಿದ ಮಾಂಸವನ್ನೂ ಹೆರೆದು, ಸುಣ್ಣವನ್ನು ಪೂರ್ತಿ ತೊಳೆದು, ತೊಗಟೆ ಮತ್ತು ಅಳಲೆ ಪುಡಿಯ ಕಷಾಯಕ್ಕೆ ಇಳಿಸುತ್ತಾರೆ. ಬೆಳಗಾವಿ, ಕೊಲ್ಹಾಪುರ ಸೀಮೆಯ ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲವಾಗಿ ಹೊಲಿದು, ಅದರೊಳಗೆ ಜಾಲಿ ತೊಗಟೆ ಮತ್ತು ಹಿರಡಾ ಪುಡಿಯ ನೀರನ್ನು ತುಂಬಿ ತೂಗುಹಾಕುತ್ತಿದ್ದರು. ಒಗರುನೀರು ಒಳಗಿನಿಂದ ಹೊರಗೆ ಜಿನುಗುತ್ತ ತೊಗಲಿನ ಒಂದೊಂದು ಎಳೆಯನ್ನೂ ಹಾದುಹೋಗುತ್ತಿತ್ತು. ಅಮೆರಿಕದಲ್ಲಿ 1884ರಲ್ಲಿ ಅಗಸ್ಟಸ್ ಶುಲ್ಟ್ಸ್ ಎಂಬ ರಸಾಯನತಜ್ಞ ಕ್ರೋಮಿಯಂ ಲವಣದಿಂದ ಹದಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು, ಮತ್ತು ಇಂದು ಜಗತ್ತಿನಲ್ಲಿ ತಯಾರಾಗುವ ಚರ್ಮದ ಬಹುಪಾಲು ಕ್ರೋಮಿಯಂನಿಂದಲೇ ಹದಗೊಂಡದ್ದು. ಆದರೆ ಹವ್ಯಾಸಿಗೆ ಬೇಕಾದದ್ದು ಹಳೆಯ ತೊಗಟೆಹದದ ಚರ್ಮವೇ. ಅದು ನೀರು ಸೋಕಿದಾಗ ಜೇಡಿಮಣ್ಣಿನಂತೆ ಮೆತ್ತಗಾಗಿ ಒತ್ತಿದ ಅಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಂಚನ್ನು ತಿಕ್ಕಿದರೆ ಹೊಳಪು ಬರುತ್ತದೆ, ವರ್ಷಗಳು ಕಳೆದಂತೆ ಬಣ್ಣ ಗಾಢವಾಗುತ್ತದೆ. ಕ್ರೋಮಿಯಂ ಚರ್ಮ ಅಚ್ಚನ್ನು ಹಾಗೆ ಹಿಡಿದಿಟ್ಟುಕೊಳ್ಳದು. ತಮಿಳುನಾಡಿನಲ್ಲಿ ಈಸ್ಟ್ ಇಂಡಿಯಾ ಚರ್ಮವೆಂಬ ಹೆಸರಿನಲ್ಲಿ ಇಂದಿಗೂ ತಯಾರಾಗುವ, ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆ ಪಡೆದಿರುವ ಚರ್ಮ ಇಂಥದೇ ಸಸ್ಯಮೂಲದ ಹದದ್ದು.

ಜೋಯಿಡಾ ತಾಲ್ಲೂಕಿನ ಉಳವಿಗೆ ಹೋಗುವ ದಾರಿ ಚರ್ಮಕಲೆಯ ದೃಷ್ಟಿಯಿಂದ ಈ ಸೀಮೆಯ ಅತ್ಯಂತ ಮುಖ್ಯವಾದ ದಾರಿ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದ ವಿಪ್ಲವದ ಬಳಿಕ ಚನ್ನಬಸವಣ್ಣನವರೊಂದಿಗೆ ಶರಣರು ಈ ಕಾಡಿನತ್ತ ಸರಿದು ಬಂದರೆಂದೂ, ಚನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರೆಂದೂ ಶರಣ ಸಂಪ್ರದಾಯ ನಂಬುತ್ತದೆ. ಆ ಪಯಣದಲ್ಲಿ ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ಕಾದಾಡಿ ಮಡಿದವರಲ್ಲಿ ಡೋಹರ ಕಕ್ಕಯ್ಯನವರೂ ಒಬ್ಬರೆಂದು ಹೇಳುತ್ತಾರೆ. ಹಳಿಯಾಳಕ್ಕೆ ನೆರೆಯಾದ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಅವರ ಸಮಾಧಿಯಿದೆ. ಡೋಹರ ಎಂದರೆ ತೊಗಲು ಹದಮಾಡುವವರು. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದು ಕನ್ನಡ ನಾಡು ಎಂಟು ಶತಮಾನಗಳಿಂದ ನೆನೆಯುತ್ತ ಬಂದಿರುವ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತು; ಕಕ್ಕಯ್ಯನವರು ಈ ನಾಲ್ಕು ತಾಲ್ಲೂಕುಗಳ ಗಡಿಯಲ್ಲೇ ಮಲಗಿದ್ದಾರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಚರ್ಮಕಲೆಯ ಸಂಘವೊಂದು ಈ ಭಾಗದಲ್ಲಿ ಹುಟ್ಟಿದರೆ ಅದಕ್ಕೆ ಹೆಸರು ಹುಡುಕಲು ದೂರ ಹೋಗಬೇಕಾಗಿಲ್ಲ.

ಮಾಘ ಮಾಸದ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಒಕ್ಕಲು ಮಕ್ಕಳು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹಳಿಯಾಳ, ದಾಂಡೇಲಿಗಳನ್ನು ಹಾದು ಬರುತ್ತಾರೆ. ಆ ಎತ್ತುಗಳ ಮೈಮೇಲಿನ ಅಲಂಕಾರದಲ್ಲಿ ತೊಗಲಿನ ಕೆಲಸ ಎಷ್ಟಿದೆಯೆಂಬುದನ್ನು ನೋಡಿದರೆ ಹಳ್ಳಿಯ ಚರ್ಮಕಲೆಯ ಒಂದು ಸಂಗ್ರಹಾಲಯವೇ ರಸ್ತೆಯ ಮೇಲೆ ನಡೆದು ಹೋದಂತಾಗುತ್ತದೆ. ಕೊರಳ ಗಂಟೆ, ಗೆಜ್ಜೆಗಳನ್ನು ಪೋಣಿಸಿದ ಪಟ್ಟಿ, ಹಣೆಪಟ್ಟಿ, ನೊಗಕ್ಕೆ ಎತ್ತಿನ ಕೊರಳನ್ನು ಸೇರಿಸುವ ಜತ್ತಿಗೆ, ಎಳೆಎಳೆಯಾಗಿ ಸೀಳಿ ಹೆಣೆದ ಬಾರುಕೋಲು ಇವೆಲ್ಲ ಒಂದೊಂದು ಬೇರೆ ಬೇರೆ ಕೌಶಲವನ್ನು ಬೇಡುತ್ತವೆ. ಜತ್ತಿಗೆಯ ಚರ್ಮ ದಪ್ಪವಾಗಿದ್ದೂ ಎತ್ತಿನ ಕೊರಳನ್ನು ಕೊರೆಯಬಾರದು. ಬಾರುಕೋಲಿನ ಹೆಣಿಗೆಯಲ್ಲಿ ಹಿಡಿಯ ಕಡೆಯಿಂದ ತುದಿಯ ಕಡೆಗೆ ಎಳೆಗಳು ಕ್ರಮವಾಗಿ ಕಡಿಮೆಯಾಗುತ್ತ ಹೋಗಬೇಕು, ಹಾಗೆ ಕಡಿಮೆ ಮಾಡಿದ ಜಾಗ ಕಣ್ಣಿಗೆ ಕಾಣಬಾರದು. ಪರದೇಶದ ಹವ್ಯಾಸಿಗಳು ಇದನ್ನೇ ಬಹು ಕಷ್ಟದ ವಿದ್ಯೆಯೆಂದು ಪುಸ್ತಕ ಬರೆದು ಕಲಿಸುತ್ತಾರೆ, ಶಿಬಿರ ನಡೆಸಿ ಕಲಿಯುತ್ತಾರೆ. ನೈಲಾನ್ ಹಗ್ಗ ಮತ್ತು ರೆಕ್ಸಿನ್ ಪಟ್ಟಿಗಳು ಸಂತೆಗೆ ಬಂದ ಮೇಲೆ ಈ ಕೆಲಸ ಬಲ್ಲ ಕೈಗಳಿಗೆ ಬೇಡಿಕೆ ಕುಗ್ಗುತ್ತ ಬಂದಿದೆ. ನೀರಾವರಿಗೆ ಪಂಪು ಬಂದಾಗ ಕಪಿಲೆ ಬಾವಿಯ ತೊಗಲಿನ ಬಾನಿಯೂ ಮಿಣಿಯೂ ಹೋದಂತೆ ಇದೂ ಹೋಗಬಾರದೆಂಬ ಕಳಕಳಿಗೆ ಕಾರಣವಿದೆ.

ಪಾದರಕ್ಷೆಯ ವಿಚಾರದಲ್ಲಿ ಹಳಿಯಾಳದ ಸ್ಥಾನ ವಿಶಿಷ್ಟವಾದದ್ದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಒಂದು ಸೀಮೆಯ ಹೆಸರನ್ನು ಆ ಸೀಮೆಯ ಉತ್ಪಾದಕರಷ್ಟೇ ಬಳಸಬಹುದೆಂಬ ಕಾನೂನಿನ ರಕ್ಷಣೆ ದೊರೆತಾಗ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 1976ರಲ್ಲಿ ಸ್ಥಾಪನೆಯಾಗಿ ಲಿಡ್ಕರ್ ಎಂದೇ ಜನರಿಗೆ ಪರಿಚಿತವಾಗಿರುವ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಈ ಹಕ್ಕಿಗಾಗಿ ಮಹಾರಾಷ್ಟ್ರದ ನಿಗಮದೊಡನೆ ಸೇರಿ ಪ್ರಯತ್ನಿಸಿತ್ತು. ಬೆಳಗಾವಿ ಮತ್ತು ಧಾರವಾಡ ಎರಡೂ ಜಿಲ್ಲೆಗಳು ಹಳಿಯಾಳಕ್ಕೆ ತಾಗಿಕೊಂಡಿವೆ. ಹೀಗಾಗಿ ಆ ಹೆಸರಿನ ಸೀಮೆ ಹಳಿಯಾಳದ ಎಲ್ಲೆಯವರೆಗೆ ಬಂದು ನಿಂತಿದೆ. ಈ ಭಾಗದ ಹವ್ಯಾಸಿ ತನ್ನ ಕಾಲಿಗೆ ತಾನೇ ಅಂಥ ಚಪ್ಪಲಿ ಮಾಡಿಕೊಳ್ಳಲು ಅಡ್ಡಿಯಿಲ್ಲವಾದರೂ ಮಾಡಿದ್ದನ್ನು ಆ ಹೆಸರಿನಿಂದ ಮಾರಲು ಬಾರದು, ಮತ್ತು ಇದು ನ್ಯಾಯವಾಗಿಯೇ ಇದೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಮೆಟ್ಟನ್ನು ಮೂಲದ ಹೆಸರು ಹೇಳದೆ ತೋರಿಸಿ, ಆಕ್ಷೇಪಣೆ ಎದ್ದ ಮೇಲೆ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡದ್ದು ಹೆಸರಿನ ಬೆಲೆಯೇನೆಂಬುದನ್ನು ಎಲ್ಲರಿಗೂ ಮನವರಿಕೆ ಮಾಡಿತು. ಎಮ್ಮೆ, ಕೋಣದ ತೊಗಲಿನ ಅಟ್ಟೆ, ಆಡಿನ ತೊಗಲಿನ ಹೆಣಿಗೆ, ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ ಇವು ಆ ಚಪ್ಪಲಿಯ ಲಕ್ಷಣಗಳು; ಅಥಣಿ, ನಿಪ್ಪಾಣಿಗಳಲ್ಲಿ ಹೆಣಿಗೆಯ ನಯಗೆಲಸದ ದೊಡ್ಡ ಪಾಲು ಹೆಂಗಸರದು.

ಹದಮಾಡಿದ ಚರ್ಮದ ಕೆಲಸಕ್ಕಿಂತ ಭಿನ್ನವಾದದ್ದು ಹಸಿತೊಗಲಿನ ಕೆಲಸ. ಕೂದಲು, ಮಾಂಸಗಳನ್ನು ಹೆರೆದು, ಒಗರುನೀರಿಗೆ ಇಳಿಸದೆ, ಬಿಗಿದು ಒಣಗಿಸಿದ ತೊಗಲು ಅರೆಪಾರದರ್ಶಕವಾಗಿಯೂ ನಾದಯುಕ್ತವಾಗಿಯೂ ಇರುತ್ತದೆ. 2025ರಲ್ಲಿ ಪದ್ಮಶ್ರೀ ಗೌರವ ಪಡೆದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಗಳು ಬೆಳಕಿಗೆ ಬಣ್ಣ ತುಂಬುವುದು ಈ ಅರೆಪಾರದರ್ಶಕ ಗುಣದಿಂದ. ಈ ನಾಲ್ಕು ತಾಲ್ಲೂಕುಗಳ ವಾದ್ಯಗಳು ನುಡಿಯುವುದು ನಾದಗುಣದಿಂದ. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಕಾಡಂಚಿನಲ್ಲಿ ನೆಲೆಸಿರುವ, 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ, ಆಫ್ರಿಕ ಮೂಲದ ಸಿದ್ದಿ ಜನರ ಡಮಾಮಿ ಮರದ ಕೊಳವೆಗೆ ತೊಗಲು ಬಿಗಿದ ವಾದ್ಯ. ಆ ವಾದ್ಯದ ಹೆಸರೇ ಅವರ ಕುಣಿತದ ಹೆಸರೂ ಆಗಿದೆ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ತೊಗಲು ಬಿಗಿದು, ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚುತ್ತ ತೆರೆಯುತ್ತ ನುಡಿಸುವ ಗುಮಟೆ ಉತ್ತರ ಕನ್ನಡ ಮತ್ತು ಗೋವೆಯ ಹಲವು ಸಮುದಾಯಗಳಿಗೆ ಸೇರಿದ್ದು. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟಿಯನ್ ವಸತಿಯ ಡ್ರೆಪುಂಗ್, ಗಾಡೆನ್ ಮಠಗಳ ಪೂಜೆಯಲ್ಲಿ ಮೊಳಗುವ ದೊಡ್ಡ ನಗಾರಿಗಳೂ, ಅವರ ಡ್ರಾನ್ಯೆನ್ ಎಂಬ ತಂತಿವಾದ್ಯದ ಮುಖವೂ ತೊಗಲಿನವು. ಹುಟ್ಟಿದ ನೆಲದಿಂದ ದೂರ ಬಂದ ಎರಡು ಜನಾಂಗಗಳು, ಒಂದು ಆಫ್ರಿಕದಿಂದ ಶತಮಾನಗಳ ಹಿಂದೆ, ಇನ್ನೊಂದು ಹಿಮಾಲಯದಾಚೆಯಿಂದ ಬದುಕಿರುವವರ ನೆನಪಿನೊಳಗೆ, ಒಂದೇ ತಾಲ್ಲೂಕಿನಲ್ಲಿ ತೊಗಲು ಬಿಗಿದ ವಾದ್ಯವನ್ನು ತಮ್ಮ ಬಾಳಿನ ನಡುವೆ ಇಟ್ಟುಕೊಂಡಿರುವುದು ಬೇರೆಡೆ ಸುಲಭವಾಗಿ ಕಾಣಸಿಗದ ಸಂಗತಿ.

ವಾದ್ಯಕ್ಕೆ ತೊಗಲು ಬಿಗಿಯುವವರು ಅದನ್ನು ನೀರಿನಲ್ಲಿ ನೆನೆಸಿ ಮೆತುವಾಗಿದ್ದಾಗಲೇ ಬಾಯಿಗೆ ಎಳೆದು ಕಟ್ಟುತ್ತಾರೆ; ಒಣಗುತ್ತ ಕುಗ್ಗುವ ತೊಗಲು ತಾನೇ ತನ್ನನ್ನು ಬಿಗಿದುಕೊಳ್ಳುತ್ತದೆ. ಮಳೆಗಾಲದ ತೇವಕ್ಕೆ ಅದು ಸಡಿಲಗೊಂಡಾಗ ಬೆಂಕಿಯ ಕಾವಿಗೆ ಹಿಡಿದು ನಾದವನ್ನು ಮರಳಿ ತರುತ್ತಾರೆ. ತೊಗಲು ಸತ್ತ ವಸ್ತುವಲ್ಲ, ಗಾಳಿಯ ತೇವದೊಂದಿಗೆ ಸದಾ ವ್ಯವಹರಿಸುತ್ತಿರುವ ವಸ್ತು ಎಂಬ ಮೊದಲ ಪಾಠವನ್ನು ಹವ್ಯಾಸಿ ಇಲ್ಲಿಂದಲೇ ಕಲಿಯಬಹುದು. ಕಾನೂನಿನ ಪಾಠವೂ ಇಲ್ಲಿದೆ: ಹಿಂದೆ ಗುಮಟೆಗೆ ಉಡದ ತೊಗಲನ್ನೂ, ಡಮಾಮಿಗೆ ಜಿಂಕೆಯ ತೊಗಲನ್ನೂ ಬಳಸುತ್ತಿದ್ದರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಪ್ರಾಣಿಗಳು ರಕ್ಷಿತವಾದ್ದರಿಂದ ಈಗ ಆಡಿನ ತೊಗಲು ಆ ಜಾಗಕ್ಕೆ ಬಂದಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ ಕೆಲಸ ಮಾಡುವ ಯಾವುದೇ ಚರ್ಮಕಲಾ ಸಂಘ ಕಾಡುಪ್ರಾಣಿಯ ತೊಗಲಿನ ಚೂರನ್ನೂ ತನ್ನ ಕೊಠಡಿಯೊಳಗೆ ಬರಗೊಡಬಾರದು. ಅಳಲೆ, ಮತ್ತಿಗಳ ವಿಚಾರದಲ್ಲೂ ಇಂಥದೇ ಎಚ್ಚರ ಬೇಕು. ಅನುಮತಿಯಿಲ್ಲದೆ ಕಾಡಿನಿಂದ ಕಾಯಿ ತರುವುದು ತಪ್ಪು, ನಿಂತ ಮರದ ತೊಗಟೆ ಸುಲಿಯುವುದು ಮರವನ್ನು ಕೊಂದಂತೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಣ ಅಳಲೆಕಾಯಿ ಕಲಿಕೆಗೆ ಧಾರಾಳವಾಗಿ ಸಾಕು.

ಚರ್ಮದ ಕೆಲಸ ಹವ್ಯಾಸವಾದ ಚರಿತ್ರೆ ಅಮೆರಿಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1919ರಲ್ಲಿ ಟೆಕ್ಸಾಸ್ ಪ್ರಾಂತದ ಫೋರ್ಟ್ ವರ್ತ್ ನಗರದಲ್ಲಿ ಬೂಟು ರಿಪೇರಿ ಮಾಡುವವರಿಗೆ ಚರ್ಮ ಮಾರಲು ಆರಂಭವಾದ ಟ್ಯಾಂಡಿ ಎಂಬ ಅಂಗಡಿ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಆಸ್ಪತ್ರೆಗಳಲ್ಲಿ ಮೈಮನಗಳ ಚೇತರಿಕೆಗಾಗಿ ತೊಗಲಿನ ಮೇಲೆ ಚಿತ್ತಾರ ಕೊರೆಯುತ್ತಿದ್ದುದನ್ನು ಗಮನಿಸಿ, ಅವರಂಥವರಿಗೆ ಬೇಕಾದ ಸಣ್ಣ ಉಪಕರಣ ಮತ್ತು ಚರ್ಮದ ತುಂಡುಗಳನ್ನು ಮಾರುವ ಸಂಸ್ಥೆಯಾಗಿ ಬೆಳೆಯಿತು. ಅದೇ ಸಂಸ್ಥೆ 1963ರಲ್ಲಿ ರೇಡಿಯೊ ಬಿಡಿಭಾಗಗಳನ್ನು ಮಾರುವ ರೇಡಿಯೊ ಶ್ಯಾಕ್ ಅಂಗಡಿಗಳನ್ನು ಕೊಂಡು ಇನ್ನೊಂದು ತಲೆಮಾರಿನ ಹವ್ಯಾಸಿಗಳನ್ನೂ ಸಲಹಿತು. ಆಲ್ ಸ್ಟೋಲ್ಮನ್ ಎಂಬ ಕುಶಲಿ ಬರೆದ ಸಚಿತ್ರ ಕೈಪಿಡಿಗಳು ಗುರುವಿಲ್ಲದ ಊರುಗಳಿಗೂ ಈ ವಿದ್ಯೆಯನ್ನು ಮುಟ್ಟಿಸಿದವು. ಊರೂರಿನ ಚರ್ಮಕಲಾ ಕೂಟಗಳು ಹುಟ್ಟಿ, ಅವುಗಳ ಒಂದು ಒಕ್ಕೂಟವೂ ಅಲ್ಲಿ ರೂಪುಗೊಂಡಿದೆ. ಆ ದೇಶದಲ್ಲಿ ತೊಗಲು ಮುಟ್ಟಿದವರನ್ನು ದೂರವಿಡುವ ಪದ್ಧತಿ ಇರಲಿಲ್ಲವಾದ್ದರಿಂದ ಹವ್ಯಾಸ ಹರಡಲು ಅಡ್ಡಿ ಬರಲಿಲ್ಲ.

ಭಾರತದಲ್ಲಿ ಆ ಅಡ್ಡಗೋಡೆಯನ್ನು ಕೈಯಿಂದಲೇ ಒಡೆಯಲು ಹೊರಟವರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಟಾಲ್‌ಸ್ಟಾ‌ಯ್ ಆಶ್ರಮ ಆರಂಭವಾದಾಗ ಗೆಳೆಯ ಹರ್ಮನ್ ಕ್ಯಾಲೆನ್‌ಬಾಕ್ ಕ್ರೈಸ್ತ ಸನ್ಯಾಸಿಗಳ ಮಠವೊಂದಕ್ಕೆ ಹೋಗಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ತಾವು ಮಾಡಿದ ಒಂದು ಜೊತೆಯನ್ನು ತಮ್ಮನ್ನು ಸೆರೆಗೆ ಕಳಿಸಿದ್ದ ಜನರಲ್ ಸ್ಮಟ್ಸ್ ಅವರಿಗೆ ಕೊಟ್ಟರು. ಆ ಮೆಟ್ಟುಗಳನ್ನು ವರ್ಷಗಟ್ಟಲೆ ಮೆಟ್ಟಿದ ಸ್ಮಟ್ಸ್ 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಗೌರವದಿಂದ ಹಿಂದಿರುಗಿಸಿದರು. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆ ಕೈಕಸುಬನ್ನು ಪಾಠದ ನಡುಮಧ್ಯೆ ತಂದಿತು. ರವೀಂದ್ರರ ಶಾಂತಿನಿಕೇತನದಲ್ಲಿ ರಥೀಂದ್ರನಾಥ ಮತ್ತು ಪ್ರತಿಮಾದೇವಿಯವರ ಆಸಕ್ತಿಯಿಂದ ಬೆಳೆದ, ಆಡು ಕುರಿಗಳ ತೆಳುಚರ್ಮಕ್ಕೆ ಅಚ್ಚೊತ್ತಿ ಬಣ್ಣವೂಡುವ ಕೆಲಸ, ಹವ್ಯಾಸದಂತೆ ಮೊದಲಾಗಿ ಇಂದು ಸಾವಿರಾರು ಕೈಗಳಿಗೆ ಜೀವನೋಪಾಯವಾಗಿದೆ.

ಕೆಲಸದ ವಿವರಕ್ಕೆ ಬಂದರೆ, ಆರಂಭಿಸುವವರಿಗೆ ಬೇಕಾಗುವ ಸಾಮಗ್ರಿ ಅಲ್ಪ. ತೊಗಲು ಕತ್ತರಿಸಲು ಮತ್ತು ಅಂಚನ್ನು ತೆಳುವಾಗಿ ಹೆರೆಯಲು ರಂಪಿಗೆ ಎಂಬ ಅಗಲ ಬಾಯಿಯ ಉಳಿ, ಕೆಳಗೆ ಹಾಸಲು ಒಂದು ಅಡಿಗಲ್ಲು, ರಂಧ್ರ ಕೊರೆಯಲು ಆರಿ, ಎರಡು ಮೊಂಡು ಸೂಜಿ, ಜೇನುಮೇಣ ತಿಕ್ಕಿದ ದಾರ ಇಷ್ಟಿದ್ದರೆ ಸಾಕು. ಕೈಹೊಲಿಗೆಗಳಲ್ಲಿ ಶ್ರೇಷ್ಠವಾದದ್ದು ಜೀನು ಹೊಲಿಗೆ: ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಪ್ರತಿ ರಂಧ್ರದಲ್ಲೂ ಎರಡೂ ಸೂಜಿಗಳನ್ನು ಎದುರುಬದುರು ದಾಟಿಸುತ್ತ ಹೋಗುವ ಕ್ರಮ. ಯಂತ್ರದ ಹೊಲಿಗೆಯಲ್ಲಿ ಮೇಲಿನ ಮತ್ತು ಕೆಳಗಿನ ದಾರಗಳು ಒಂದಕ್ಕೊಂದು ಕೊಂಡಿಯಾಗಿರುವುದರಿಂದ ಒಂದು ಹರಿದರೆ ಸಾಲೇ ಬಿಚ್ಚುತ್ತದೆ. ಜೀನು ಹೊಲಿಗೆಯಲ್ಲಿ ಒಂದು ಎಳೆ ಸವೆದು ಹರಿದರೂ ಇನ್ನೊಂದು ಎಳೆ ಅದೇ ರಂಧ್ರಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆರಿಯ ವಿಚಾರದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಪೇಟೆಯ ಹೊಲಿಗೆ ತರಗತಿಗಳಲ್ಲಿ ಹೆಣ್ಣುಮಕ್ಕಳು ರವಿಕೆಯ ಮೇಲೆ ಮಾಡಲು ಕಲಿಯುವ ಆರಿ ಕಸೂತಿ, ಗುಜರಾತಿನ ಕಚ್ಛ ಸೀಮೆಯ ಮೋಚಿ ಸಮುದಾಯ ಪಾದರಕ್ಷೆ ಹೊಲಿಯುವ ಕೊಕ್ಕೆಯ ಆರಿಯನ್ನು ಬಟ್ಟೆಯ ಮೇಲೆ ತಂದುದರಿಂದ ಹುಟ್ಟಿದ್ದು. ಮದುವಣಗಿತ್ತಿಯ ರವಿಕೆಯನ್ನು ಅಲಂಕರಿಸುವ ಸೂಜಿಗೆ ಚಮ್ಮಾರರ ಪೆಟ್ಟಿಗೆಯೇ ತವರುಮನೆ.

ಬಣ್ಣಕ್ಕೂ ಪೇಟೆಯ ಡಬ್ಬಿಯನ್ನೇ ನೆಚ್ಚಬೇಕಾಗಿಲ್ಲ. ತುಕ್ಕುಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೆಲವು ವಾರ ಹುದುಗಿಸಿ ಸೋಸಿದ ದ್ರವವನ್ನು ತೊಗಟೆಹದದ ಚರ್ಮಕ್ಕೆ ಸವರಿದರೆ, ತೊಗಲಿನೊಳಗಿನ ಟ್ಯಾನಿನ್ ಮತ್ತು ಕಬ್ಬಿಣ ಕೂಡಿ ಕಣ್ಣೆದುರಿಗೇ ಕಡುಗಪ್ಪು ಮೂಡುತ್ತದೆ. ಮೊದಲೇ ಅಳಲೆ ಕಷಾಯ ಹಚ್ಚಿದ್ದರೆ ಕಪ್ಪು ಇನ್ನೂ ಗಾಢ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಗಳೂ, ಹಿಂದಿನವರ ಅಳಲೆಕಾಯಿ ಮಸಿಯೂ ಇದೇ ಕ್ರಿಯೆಯ ಫಲ. ಈ ಬಣ್ಣ ಮೇಲ್ಮೈಯ ಲೇಪವಲ್ಲವಾದ್ದರಿಂದ ಸುಲಿದುಹೋಗುವುದಿಲ್ಲ.

ಹವ್ಯಾಸಕ್ಕೆ ಬಿಡುವು ಬೇಕು, ಬಿಡುವಿಗೆ ನಿಯತವಾದ ದುಡಿಮೆಯ ಹೊತ್ತು ಬೇಕು. ಈ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳಲ್ಲಿ ದಾಂಡೇಲಿಯೇ ಸಂಘಕ್ಕೆ ಮೊದಲ ನೆಲೆಯಾಗಲು ತಕ್ಕ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯ ಸುತ್ತ ಬೆಳೆದ ಈ ಊರಿಗೆ ಭಾರತದ ಹಲವು ಮೂಲೆಗಳಿಂದ ಬಂದ ಜನ ಪಾಳಿಯ ಲೆಕ್ಕದಲ್ಲಿ ಬದುಕುತ್ತಾರೆ. ಮೊದಲ ಪಾಳಿ ಮುಗಿಸಿದವರಿಗೆ ಸಂಜೆ ತಮ್ಮದಾಗಿರುತ್ತದೆ, ಕೈಗೆ ಉಪಕರಣಗಳ ಪರಿಚಯ ಆಗಲೇ ಇರುತ್ತದೆ. ಹಳಿಯಾಳದಲ್ಲಿ ಗ್ರಾಮೀಣ ಯುವಕರಿಗೆ ಸ್ವಉದ್ಯೋಗದ ತರಬೇತಿ ನೀಡುವ ಕೆನರಾ ಬ್ಯಾಂಕ್ ದೇಶಪಾಂಡೆ ಸಂಸ್ಥೆಯಿದೆ. ಮುಂಡಗೋಡಕ್ಕೆ ಸಮೀಪದ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳಿವೆ. ಹವ್ಯಾಸದ ಕೂಟವೊಂದು ಇವುಗಳ ಆಸರೆ ಕೇಳಬಹುದು, ಆದರೆ ಇವುಗಳ ಶಾಖೆಯಾಗಬಾರದು. ಮಾರಾಟದ ಗುರಿ ಮುಂದೆ ಬಂದೊಡನೆ ನಿಧಾನವಾಗಿ ಕಲಿಯುವ ಸುಖ ಹಿಂದೆ ಸರಿಯುತ್ತದೆ.

ಕೂಟದ ಮೊದಲ ಪ್ರಯೋಜನ ಸರಳವಾದ ಹಣದ ಲೆಕ್ಕ. ಚರ್ಮವನ್ನು ಚದರ ಅಡಿಯ ಲೆಕ್ಕದಲ್ಲಿ, ಇಡೀ ತೊಗಲು ಅಥವಾ ಅರ್ಧ ತೊಗಲಾಗಿ ಮಾರುತ್ತಾರೆ. ಒಂದು ಹಣದ ಚೀಲ ಮಾಡಹೊರಟವರಿಗೆ ಅಷ್ಟು ಬೇಕಾಗದು, ಅಥಣಿಗೋ ಚೆನ್ನೈಯ ಪೆರಿಯಮೇಟ್ ಪೇಟೆಗೋ ಒಬ್ಬೊಬ್ಬರೇ ಹೋಗುವುದೂ ಆಗದು. ಹತ್ತು ಜನ ಸೇರಿ ಒಂದು ತೊಗಲು ತರಿಸಿ ಹಂಚಿಕೊಂಡರೆ ಬೆನ್ನಿನ ಗಟ್ಟಿ ಭಾಗ ನಡುಪಟ್ಟಿಗೆ, ಹೊಟ್ಟೆಯ ಹಿಗ್ಗುವ ಭಾಗ ಒಳಪದರಕ್ಕೆ, ಕತ್ತಿನ ಸುಕ್ಕುಭಾಗ ಕಲಿಕೆಯ ಚೂರುಗಳಿಗೆ ಒದಗಿ ಏನೂ ಹಾಳಾಗುವುದಿಲ್ಲ. ತೊಗಲಿನ ಯಾವ ಭಾಗ ಯಾವ ಕಡೆಗೆ ಹಿಗ್ಗುತ್ತದೆಂಬುದನ್ನು ಕೈಯಿಂದ ಎಳೆದು ತಿಳಿಯುವ ವಿದ್ಯೆ ಪುಸ್ತಕದಲ್ಲಿ ಬರುವುದಿಲ್ಲ. ಅದನ್ನು ಬಲ್ಲವರು ಬಸ್ ನಿಲ್ದಾಣದ ಬಳಿ, ಸಂತೆಯ ಅಂಚಿನಲ್ಲಿ ಕೊಡೆಯ ಕೆಳಗೆ ಕುಳಿತು ಚಪ್ಪಲಿ ರಿಪೇರಿ ಮಾಡುತ್ತಿದ್ದಾರೆ. ಕೂಟದ ಗುರುಪೀಠ ಅವರಿಗೆ ಸಲ್ಲಬೇಕು, ಮತ್ತು ಆ ಪೀಠಕ್ಕೆ ತಕ್ಕ ಸಂಭಾವನೆಯೂ ಇರಬೇಕು. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಗುರುತಿಸಿದ 18 ಕಸುಬುಗಳಲ್ಲಿ ಪಾದರಕ್ಷೆಯವರದೂ ಒಂದಾಗಿದ್ದು, ಅದರ ತರಬೇತಿಗೆ ಬಂದವರಿಗೇ ದಿನಕ್ಕೆ 500 ರೂಪಾಯಿ ಶಿಷ್ಯವೇತನವಿದೆ. ಕಲಿಸುವವರಿಗೆ ಅದಕ್ಕಿಂತ ಕಡಿಮೆ ಕೊಡುವ ಸಂಘ ತನ್ನನ್ನು ಸಂಘವೆಂದು ಕರೆದುಕೊಳ್ಳುವ ಯೋಗ್ಯತೆಯನ್ನು ಕಳೆದುಕೊಳ್ಳುತ್ತದೆ. ಅವರನ್ನು ಕೊಠಡಿಗೆ ಕರೆದು, ಚಹಾ ಬೇರೆ ಲೋಟದಲ್ಲಿ ಕೊಟ್ಟರೆ ಇಡೀ ಪ್ರಯತ್ನವೇ ಸುಳ್ಳಾಗುತ್ತದೆ. ಸಮಗಾರರ ಮನೆಯ ಮಕ್ಕಳು ಈ ಕಸುಬು ಬೇಡವೆಂದು ಓದಿ ಬೇರೆ ಉದ್ಯೋಗಕ್ಕೆ ಹೋದರೆ ಅದನ್ನು ಕಲೆಯ ನಷ್ಟವೆಂದು ಹಳಹಳಿಸುವ ಹಕ್ಕು ಹವ್ಯಾಸಿಗಳಿಗಿಲ್ಲ. ಅವರು ಎಂದಾದರೂ ಬಿಡುವಿನ ಸಂಜೆಯಲ್ಲಿ ಅಜ್ಜನ ರಂಪಿಗೆಯನ್ನು ತಾವಾಗಿ ಕೈಗೆತ್ತಿಕೊಂಡರೆ, ಅಂದು ಆ ಮನೆಗೂ ಚರ್ಮದ ಕೆಲಸ ಮೊದಲ ಬಾರಿಗೆ ಹವ್ಯಾಸವಾಗುತ್ತದೆ.

ಕೂಟದ ಕಾಲಪಟ್ಟಿಯನ್ನು ಮಳೆಯೇ ನಿರ್ಧರಿಸುತ್ತದೆ. ಜೋಯಿಡಾದ ಕ್ಯಾಸಲ್‌ರಾಕ್ ಸುತ್ತ ಸುರಿಯುವ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸು ಬರುವಾಗ ಚರ್ಮ ಉಳಿಯುವುದು ಕಷ್ಟ. ಆ ತಿಂಗಳುಗಳಲ್ಲಿ ಚರ್ಮವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಅಟ್ಟದಲ್ಲಿಟ್ಟು, ಬಿಸಿಲು ಕಂಡ ದಿನ ನೆರಳಿನಲ್ಲಿ ಹರವಿ, ತೆಳುವಾಗಿ ಹರಳೆಣ್ಣೆ ಸವರಬೇಕು. ಹೊಸ ಕೆಲಸ ಹಿಡಿಯಲು ದೀಪಾವಳಿಯ ನಂತರದ ಒಣ ತಿಂಗಳುಗಳು ಒಳ್ಳೆಯವು. ಆಗ ಕಲಿಯಲು ಕುಳಿತವರಿಗೆ ಮಾಘ ಮಾಸದ ಹೊತ್ತಿಗೆ ನಡುಪಟ್ಟಿ ಕತ್ತರಿಸಲು, ಜೀನು ಹೊಲಿಗೆ ಹಾಕಲು ಬಂದಿರುತ್ತದೆ, ಮತ್ತು ಅದೇ ಹೊತ್ತಿಗೆ ಉಳವಿಯ ಚಕ್ಕಡಿಗಳು ಹಳಿಯಾಳ, ದಾಂಡೇಲಿಗಳ ರಸ್ತೆಗೆ ಇಳಿಯುತ್ತವೆ. ದೂರದಿಂದ ನಡೆದು ಬಂದ ಎತ್ತುಗಳ ಜತ್ತಿಗೆ ಎಲ್ಲೋ ಒಂದೆಡೆ ಹರಿದಿರುತ್ತದೆ, ಗೆಜ್ಜೆಪಟ್ಟಿಯ ಹೊಲಿಗೆ ಬಿಚ್ಚಿರುತ್ತದೆ. ಚಕ್ಕಡಿಗಳು ರಾತ್ರಿ ತಂಗುವ ಬಯಲಿನಲ್ಲಿ ಕೂಟದ ಸದಸ್ಯರು ಹಿರಿಯ ಸಮಗಾರರೊಬ್ಬರ ಪಕ್ಕದಲ್ಲಿ ಕಂದೀಲು ಹಚ್ಚಿಕೊಂಡು ಕುಳಿತು ಅವನ್ನು ಸರಿಪಡಿಸಿಕೊಡಬಹುದು. ಆ ಕೆಲಸಕ್ಕೆ ಬೇಕಾಗುವುದು ಒಂದು ಆರಿ, ಎರಡು ಸೂಜಿ, ಮೇಣ ತಿಕ್ಕಿದ ಒಂದು ಮಾರು ದಾರ.